ಎಡಗಾಲು ಕೊಡು

ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರದ ಸಂಜೆ ಫಾದರ್ ಹನ್ನೆರಡು ಗಂಡಸರ ಕಾಲು ತೊಳೆಯುವುದು ಆ ಚರ್ಚಿನ ವಾಡಿಕೆ. ಹೊಸದಾಗಿ ಬಂದ ಫಾದರ್, "ಈ ಸಲ ಗಂಡಂದಿರು ಹೆಂಡತಿಯರ ಕಾಲು ತೊಳೀಲಿ. ದೀನತೆ ಅಂದ್ರೇನು ಅಂತ ಮಕ್ಕಳೂ ನೋಡ್ಲಿ" ಎಂದುಬಿಟ್ಟರು. ಮೊದಲು ಕೈಯೆತ್ತಿದವನು ಚರ್ಚಿನ ಹಿರಿಯ ಇನ್ನಾಸಪ್ಪ.

ಆ ಸಂಜೆ ಮನೆಯಿಂದ ಹೊರಡುವಾಗ ಅವನು ಬಾಗಿಲಿಗೆ ಅಡ್ಡ ನಿಂತು ಹೆಂಡತಿ ಲೂರ್ದಮ್ಮನಿಗೆ ಹೇಳಿದ: "ಎಡಗಾಲು ಕೊಡು. ಬಲಗಾಲು ಸೀರೆಯಿಂದ ಆಚೆ ಬರಕೂಡದು."

"ಯಾರಾದ್ರೂ ನೋಡಿಬಿಟ್ರೆ?"

"ಗಂಜಿ ಬಸಿಯೋವಾಗ ಚೆಲ್ಕೊಂಡೆ ಅನ್ನು. ಡಾಕ್ಟರಿಗೆ ಹೇಳಿದ್ದು ಬಾಯಿಪಾಠ ಇದೆಯಲ್ಲ."

ದಾರಿಯುದ್ದಕ್ಕೂ ಲೂರ್ದಮ್ಮನ ಕೈಯಲ್ಲಿ ಜಪಮಾಲೆ ಇತ್ತು. ಬಾಯಿಗೆ ಬಂದದ್ದು ಮಾತ್ರ ಆ ಒಂದೇ ಸುಳ್ಳು.

ಇನ್ನಾಸಪ್ಪ ಬೋಗುಣಿ ಇಟ್ಟುಕೊಂಡು ಅವಳ ಮುಂದೆ ಮಂಡಿಯೂರಿದ. "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು," ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ ಅಂದರು. ಅವನ ಕಣ್ಣಲ್ಲಿ ನೀರೂ ಇತ್ತು. ಲೂರ್ದಮ್ಮ ಆ ಬೆಂಚಿನ ಕಡೆ ನೋಡಿದಳು. ಇವತ್ತು ಇದೊಂದು ಮುಗಿದುಹೋದರೆ, ನಾಳೆಯಿಂದ ಅವಳು ಏನು ಹೇಳಿದರೂ ಈ ಊರಲ್ಲಿ ನಂಬುವವರಿರುವುದಿಲ್ಲ.

ಅವಳು ಎಡಗಾಲನ್ನು ಹಿಂದಕ್ಕೆಳೆದುಕೊಂಡು ಬಲಗಾಲನ್ನು ಬೋಗುಣಿಯೊಳಗಿಟ್ಟಳು.

ಟವಲು ಹಿಡಿದು ಪಕ್ಕದಲ್ಲಿ ನಿಂತಿದ್ದ ಫಾದರ್ ಬಗ್ಗಿ ನೋಡಿದರು. "ಏನಮ್ಮ ಇದು, ಇಷ್ಟೊಂದು ಸುಟ್ಟಿದೆ? ಹೇಗಾಯ್ತು?"

"ತೊಳೀತಿರೋರನ್ನೇ ಕೇಳಿ, ಫಾದರ್."