ಔರಾದಿನ ಹಸಿರು ಚುಕ್ಕೆ

"ನೆಟ್ ಇಲ್ಲರಿ ಸಾಹೇಬ್ರ, ಮುಂಜಾನಿಂದ ಹೋಗ್ಯಾದ" ಎಂದು ಔರಾದಿನ ಅಂಗಡಿ ನೋಡಿಕೊಳ್ಳುವ ಕೌಸಲ್ಯಾಬಾಯಿ ಫೋನಿನಲ್ಲಿ ಹೇಳುತ್ತಿದ್ದಾಗ, ಬೀದರಿನ ಕಚೇರಿಯ ಗೋಡೆಗೆ ಹಾಕಿದ್ದ ಪರದೆಯಲ್ಲಿ ಔರಾದಿನ ಚುಕ್ಕೆ ಹಸಿರಾಗಿಯೇ ಇತ್ತು. ಸಿದ್ದೇಶ್ವರ ಫೋನು ಕೆಳಗಿಟ್ಟು ಪ್ರಣಾಲಿಯ ಮುಖ ನೋಡಿದರು. ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಗಳು ಅವರಿಗೆ ಬೀದರ, ಭಾಲ್ಕಿ, ಔರಾದ್, ಕಮಲನಗರ ನಾಲ್ಕೂ ಕಡೆ ಇದ್ದವು. ಎಲ್ಲಿ ನೆಟ್ ಇದೆ, ಎಲ್ಲಿ ಇಲ್ಲ ಎಂಬುದು ಕೂತಲ್ಲೇ ಗೊತ್ತಾಗಬೇಕೆಂದು ಪ್ರಣಾಲಿಯನ್ನು ಕರೆಸಿದವರೂ ಅವರೇ. ಅವಳು ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರಿನ ಧೂಳು ಒರೆಸಿ, ಲಿನಕ್ಸ್ ಹಾಕಿ, ಅದನ್ನೇ ಸರ್ವರ್ ಮಾಡಿದ್ದಳು. ಅದು ನಿಮಿಷಕ್ಕೊಮ್ಮೆ ಪ್ರತಿ ಅಂಗಡಿಯ ರೂಟರನ್ನು "ಇದ್ದೀಯಾ?" ಎಂದು ಕೇಳುತ್ತಿತ್ತು. ಉತ್ತರ ಬಂದರೆ ಹಸಿರು, ಬಾರದಿದ್ದರೆ ಕೆಂಪು. ಅದರ ವಿದ್ಯೆ ಅಷ್ಟೇ.

"ಸುಳ್ಳು ಹೇಳೋದು ನಿಮ್ಮ ಮಿಷನ್ನೋ, ಕೌಸಲ್ಯಾಬಾಯೋ?"

"ಮಿಷನ್ ಸುಳ್ಳು ಹೇಳಂಗಿಲ್ಲರಿ ಸರ್" ಎಂದಳು ಪ್ರಣಾಲಿ. ತಾನು ಮಾಡಿದ ಕೆಲಸದ ಮೇಲೆ ಅವಳಿಗೆ ಹೆಮ್ಮೆ ಇತ್ತು, ಅದನ್ನು ಮುಚ್ಚಿಡುವ ಅಭ್ಯಾಸ ಇರಲಿಲ್ಲ.

"ಹಂಗಂದ್ರ ಹೋಗಿ ನೋಡ್ರಿ. ರೂಟರ್ ಬರೋಬರಿ ಇದ್ರ ಅಲ್ಲಿಂದಲೇ ಫೋನ್ ಮಾಡ್ರಿ. ನಾಳಿಯಿಂದ ಆ ಕುರ್ಚಿ ಮ್ಯಾಲ ಬ್ಯಾರೆಯವರನ್ನ ಕೂಡ್ರಸ್ತೇನಿ."

ಔರಾದಿನ ಅಂಗಡಿಯಲ್ಲಿ ರೂಟರಿನ ದೀಪಗಳೆಲ್ಲ ಚೆನ್ನಾಗಿಯೇ ಉರಿಯುತ್ತಿದ್ದವು. ಪ್ರಣಾಲಿ ಮೇಜಿನ ಕೆಳಗಿಂದ ತಲೆ ಎತ್ತಿ, "ನೆಟ್ ಚಲೋ ಅದಲ್ರಿ ಮೌಶಿ" ಎಂದಳು. ಕೌಸಲ್ಯಾಬಾಯಿ ಕನ್ನಡಕದ ಮೇಲಿಂದ ನೋಡಿ, ಚಹಾವನ್ನು ಬಸಿಗೆ ಸುರುವಿ ಅವಳ ಕಡೆ ತಳ್ಳಿದರು. "ಅದ. ಪಂಚಮಿ ಈಗರ ಮುಗದದ, ಜರಾ ಕೂಡು. ನಿನಗ ತಿಳೀತದ."

ನಾಗರಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಗಂಡನ ಮನೆಯಿಂದ ಕರೆತರುವುದು ಆ ಸೀಮೆಯ ವಾಡಿಕೆ. ಜೋಕಾಲಿ, ಉಂಡಿ, ಹೊಸ ಸೀರೆ. ಇತ್ತೀಚೆಗೆ ಅದಕ್ಕೆ ಇನ್ನೊಂದು ಶಾಸ್ತ್ರ ಸೇರಿಕೊಂಡಿತ್ತು. ತಿರುಗಿ ಕಳಿಸುವ ದಾರಿಯಲ್ಲಿ ಈ ಅಂಗಡಿಯ ಮುಂದೆ ಬೈಕು ನಿಲ್ಲಿಸಿ, ತವರಿನ ಹೊಲದಲ್ಲಿ ತನಗೆ ಪಾಲು ಬೇಡ ಎಂಬ ಅರ್ಜಿಗೆ ತಂಗಿಯ ಹೆಬ್ಬೆರಳು ಹಾಕಿಸುವುದು. ಮೈಮೇಲೆ ಅಣ್ಣ ಕೊಡಿಸಿದ ಸೀರೆ ಇರುವಾಗ ಬಾಯಲ್ಲಿ ಇಲ್ಲ ಎನ್ನುವ ಮಾತು ಸುಲಭಕ್ಕೆ ಬರುವುದಿಲ್ಲ.

ಶಾಲುಬಾಯಿ ಹಾಗೆಯೇ ಬಂದಳು. ಸೀರೆಯ ಗಂಜಿ ಇನ್ನೂ ಮುರಿದಿರಲಿಲ್ಲ, ಉಂಡಿಯ ಡಬ್ಬಿ ತೊಡೆಯ ಮೇಲಿತ್ತು. ಅಣ್ಣ ಕಾಗದಗಳನ್ನು ಮುಂದಿಟ್ಟ. ಕೌಸಲ್ಯಾಬಾಯಿ ಅವನನ್ನು ಬಿಟ್ಟು ಅವಳನ್ನೇ ಕೇಳಿದರು: "ತಂಗಿ, ಹೊಲದಾಗಿನ ನಿನ್ನ ಪಾಲು ಅಣ್ಣಗ ಬಿಟ್ಟೀನಿ ಅಂತ ಇದರಾಗ ಬರದದ. ನಿನಗ ಗೊತ್ತದೇನು?"

ಶಾಲುಬಾಯಿ ಅಣ್ಣನ ಮುಖ ನೋಡಿದಳು. "ಅಕಿಗಿ ಎಲ್ಲಾ ಗೊತ್ತದರಿ" ಎಂದ ಅವನು ಅವಳ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ಯಂತ್ರದ ಗಾಜಿನ ಹತ್ತಿರ ಒಯ್ದ.

"ನೆಟ್ ಇಲ್ಲರಿ" ಎಂದರು ಕೌಸಲ್ಯಾಬಾಯಿ. "ಸೋಮವಾರ ಬರ್ರಿ. ಅಕಿನ್ನ ಕೇಳಿಕೊಂಡು ಬರ್ರಿ."

ಅಣ್ಣ ದಡ್ಡನಾಗಿರಲಿಲ್ಲ. "ಮೊನ್ನಿ ನಮ್ಮ ಊರವರಿಗೂ ಇದೇ ಹೇಳೀರಿ. ನಿಮ್ಮ ಮಾಲಕರ ನಂಬರ್ ನನ್ನ ಕಡೆ ಅದ, ತಡೀರಿ" ಎಂದು ಫೋನು ತೆಗೆದು ಬಾಗಿಲಿಗೆ ಹೋದ.

ಪ್ರಣಾಲಿ ಮೆಲ್ಲಗೆ, "ಇದೇನ್ರಿ ಮೌಶಿ?" ಎಂದಳು.

"ತಾನೇ ಬೆರಳು ಇಟ್ರ ನೆಟ್ ಇರ್ತದ. ಅಣ್ಣ ಹಿಡದು ಇಡಿಸಿದ್ರ ಇರಂಗಿಲ್ಲ. ನಾಕು ದಿವಸ ವಿಚಾರ ಮಾಡ್ಲಿ ಅಂತ. ಕೆಲವರು ತಿರುಗಿ ಬಂದು ಖುಷೀಲೆ ಇಡ್ತಾರ. ಕೆಲವರು ಬರೋದೇ ಇಲ್ಲ." ಹೇಳುವಾಗ ಅವರ ದನಿ ಗಟ್ಟಿಯಾಗಿತ್ತು. ಇವತ್ತಿಗೆ ಈ ಕುರ್ಚಿಯ ಋಣ ತೀರಿತು ಎಂದು ಅವರಿಗೆ ಗೊತ್ತಿತ್ತು.

ಬಾಗಿಲಲ್ಲಿ ಫೋನಿನ ಸ್ಪೀಕರ್ ಜೋರಾಗಿ ಕೇಳಿಸಿತು. ಸಿದ್ದೇಶ್ವರರ ದನಿ. "ಯಾರಂದ್ರು ಇಲ್ಲ ಅಂತ? ನನ್ನ ಮುಂದ ಗೋಡಿ ಮ್ಯಾಲ ಹಸಿರು ಕಾಣ್ತದ! ಆ ಬಾಯಿಗಿ ಕೊಡ್ರಿ ಫೋನು."

ಅಣ್ಣ ಗೆದ್ದವನಂತೆ ಒಳಗೆ ಬಂದ. ಮಿಷನ್ ಸುಳ್ಳು ಹೇಳಂಗಿಲ್ಲ ಎಂದು ಬೀದರಿನಲ್ಲಿ ತಾನೇ ಆಡಿದ ಮಾತು ಪ್ರಣಾಲಿಗೆ ನೆನಪಾಗಿ ಸಂಕಟವಾಯಿತು. ಅವಳು ಬಿದ್ದ ಸ್ಕ್ರೂ ಹುಡುಕುವವಳ ಹಾಗೆ ಮೇಜಿನ ಕೆಳಗೆ ಬಗ್ಗಿ, ರೂಟರಿನ ಹಿಂದಿನ ವೈರನ್ನು ಕಿತ್ತಳು. ದೀಪಗಳು ಆರಿದವು.

ಕೌಸಲ್ಯಾಬಾಯಿ ಫೋನು ಹಿಡಿದು, "ಹೇಳ್ರಿ ಸಾಹೇಬ್ರ" ಎಂದರು. ಸಿದ್ದೇಶ್ವರ ಹೇಳುತ್ತಲೇ ಹೋದರು. ಎಷ್ಟು ದಿನದಿಂದ ಈ ನಾಟಕ, ಯಾರ ಅನ್ನ ಉಣ್ಣುತ್ತೀರಿ, ನಾಳೆಯಿಂದ ಬರುವುದು ಬೇಡ ಎನ್ನುವಷ್ಟರಲ್ಲಿ ದನಿ ನಿಂತುಹೋಯಿತು.

"ತಡೀರಿ… ಕೆಂಪಾತು."

ಪ್ರಣಾಲಿ ಮೇಜಿನ ಕೆಳಗಿಂದ ಎದ್ದು ನಿಂತಳು.

"ಪ್ರಣಾಲಿ ಮೇಡಂ ಅಲ್ಲೇ ಅದಾರೇನು? ಮೇಡಂ, ಈಗ ನಿಮ್ಮ ಮಿಷನ್ ಬರೋಬರಿ ಆತು ನೋಡ್ರಿ. ಇಷ್ಟು ದಿವಸ ಹಸಿರು ತೋರಿಸಿ ಸುಳ್ಳು ಹೇಳ್ತಿತ್ತು!"

ಅಣ್ಣ ಕಾಗದಗಳನ್ನು ಮಡಚತೊಡಗಿದ. ಶಾಲುಬಾಯಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ಅವನಿಗಿಂತ ಮೊದಲೇ ಹೊಸ್ತಿಲು ದಾಟಿದಳು.