ಹಳದಿ ಕೋಟಿನ ಸಿಪಾಯಿ

2024ರ ನವೆಂಬರ್ 14, ಬೆಳಿಗ್ಗೆ 10 ಗಂಟೆ 20 ನಿಮಿಷ. ತುಮಕೂರಿನ ಸದಾಶಿವನಗರದ ಮನೆಯಲ್ಲಿ ಐದು ತಿಂಗಳ ಬಸುರಿ ಸುಮನಾ ಬ್ರಷ್ಷಿನ ತುದಿಯನ್ನು ತುಟಿಗಳ ನಡುವೆ ಎಳೆದು ಚೂಪು ಮಾಡಿ, ಹೆಬ್ಬೆರಳುದ್ದದ ಗೊಂಬೆ ಸಿಪಾಯಿಯ ಕೋಟಿಗೆ ಹಳದಿ ಬಳಿದಳು.

“ಇಷ್ಟು ಹಳದಿ ಹಾಕ್ಕೊಂಡು ಯುದ್ಧಕ್ಕೆ ಹೋದ್ರೆ ಗುಂಡು ಹುಡುಕ್ಕೊಂಡೇ ಬರುತ್ತೆ ಕಣ್ರೀ.”

ಬಾಗಿಲಲ್ಲಿ ನಿಂತಿದ್ದ ಗಂಡ ಸೋಮಶೇಖರ್ ನಗಲಿಲ್ಲ. ಅವನು ಕೆಮಿಸ್ಟ್ರಿ ಮೇಷ್ಟ್ರು. ಹಳೆಯ ಸಮವಸ್ತ್ರದ ಬಣ್ಣ ಹಾಗೇ ಬರಲೆಂದು ಸೀಸ ಬೆರೆತ ಹಳದಿ ಪುಡಿಯನ್ನು ಅರೆದು ಕೊಟ್ಟವನೂ ಅವನೇ.

“ಬ್ರಷ್ ಬಾಯಿಗಿಡ್ತೀಯಾ?”

“ತುದಿ ಚೂಪಾಗ್ಬೇಡ್ವಾ? ನೀವು ಹೇಳ್ದಂಗೆ ದಿನಾ ಕೈ ತೊಳ್ಕೋತೀನಲ್ಲ, ಮೇಷ್ಟ್ರೇ!”

ಅವನ ಮೊಬೈಲಿನಲ್ಲಿ ಅವಳ ರಕ್ತಪರೀಕ್ಷೆಯ ವರದಿ ತೆರೆದಿತ್ತು. ರಕ್ತದಲ್ಲಿ ಸೀಸ ಐದು ಮೈಕ್ರೊಗ್ರಾಂ ದಾಟಬಾರದೆಂದು ಡಾಕ್ಟರು ಹೇಳಿದ್ದರು. ಡೆಸಿಲೀಟರಿಗೆ 41 ಮೈಕ್ರೊಗ್ರಾಂ ಇತ್ತು.