ಚುಕ್ಕೆಯಿಲ್ಲದ ವಾಲ್ವ್

ಆಂಪ್ಲಿಫೈಯರಿನ ನಾಲ್ಕು ಗಾಜಿನ ವಾಲ್ವ್‌ಗಳಲ್ಲಿ ಒಂದಕ್ಕೆ ಕೆಂಪು ಚುಕ್ಕೆಯಿರಲಿಲ್ಲ.

ಜೀವಿತಾ ಬಗ್ಗಿ ಮತ್ತೊಮ್ಮೆ ನೋಡಿದಳು. ತಾನೇ ಆರಿಸಿ, ಉಗುರುಬಣ್ಣದ ಚುಕ್ಕೆಯಿಟ್ಟು ಕೂರಿಸಿದ್ದವು. ಊಟ ಮುಗಿಸಿ ಬರುವಷ್ಟರಲ್ಲಿ ಯಾರೋ ಒಂದನ್ನು ಬದಲಾಯಿಸಿದ್ದರು.

ತಿಪಟೂರಿನ ಅವಳ ಪುಟ್ಟ ರಿಪೇರಿ ಕೋಣೆಯಲ್ಲಿ ಉಳಿದಿದ್ದವರು ಒಬ್ಬರೇ, ಅರಳಗುಪ್ಪೆಯ ತೋಂಟದಾರ್ಯ. ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಅಲುಗಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದರಲ್ಲಿ ಪಳಗಿದ ಕೈ. ಬೇರೆಯವರು ಕಾಯನ್ನು ಕಿವಿಗೆ ಹಿಡಿದರೆ ಇವರು ಎದೆಗೆ ಒತ್ತಿ ಕಣ್ಣು ಮುಚ್ಚುತ್ತಾರೆ ಎಂದು ಮಂಡಿಯಲ್ಲೆಲ್ಲ ಮಾತು.

ಆಂಪ್ಲಿಫೈಯರ್ ಅವರ ಮಗ ರುದ್ರೇಶನದು. ವಾದ್ಯಗೋಷ್ಠಿಯಲ್ಲಿ ಬೇಸ್ ಗಿಟಾರ್ ನುಡಿಸುವವನು. ಐವತ್ತು ವರ್ಷದ ಹಳೆಯ ಪೆಟ್ಟಿಗೆ, ಒಳಗೆ ಏಳುನೂರು ವೋಲ್ಟ್. ಹೊಸ ವಾಲ್ವ್‌ಗಳು ತಿಂಗಳೂ ತಾಳಿರಲಿಲ್ಲ. ಮುಚ್ಚಿಹೋದ ರೇಡಿಯೋ ಅಂಗಡಿಯೊಂದರಲ್ಲಿ ಸಿಕ್ಕ ಹನ್ನೆರಡು ಹಳೆಯ ವಾಲ್ವ್‌ಗಳನ್ನು ಜೀವಿತಾ ವಾರವಿಡೀ ಮೀಟರಿಗೆ ಹಚ್ಚಿ ನಾಲ್ಕನ್ನು ಆರಿಸಿ, ಉಳಿದ ಎಂಟನ್ನು ಮೇಜಿನ ಮೇಲೆ ಬಿಟ್ಟಿದ್ದಳು. ಆರಿಸಿದ್ದರಲ್ಲಿ ಒಂದು ಕೈಕೊಟ್ಟರೂ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅಂಥದ್ದು ಇನ್ನೆಲ್ಲೂ ಸಿಗದು.

ಬೆಳಿಗ್ಗೆ ತೋಂಟದಾರ್ಯ, ತೋಟದಾಚೆ ಇರುವವರನ್ನು ಕೂಗುವಂಥ ದನಿಯಲ್ಲಿ, ಹೇಳಿದ್ದು ನೆನಪಾಯಿತು: "ಇದು ಸುಟ್ಟೋದ್ರೆ ಮುಗೀತು ಕಣವ್ವ, ಮನೇಲಿ ಒಂದ್ ಸದ್ದೂ ಇರಕಿಲ್ಲ."

ಮಗನ ಗಿಟಾರಿನ ಮೇಲೆ ಇಷ್ಟು ಸಿಟ್ಟೇ?

"ವಾಲ್ವ್ ಯಾಕೆ ಬದಲಾಯಿಸಿದ್ರಿ?" ಬೆನ್ನ ಹಿಂದಿನಿಂದ ಕೇಳಿದಳು. ಅವರು ತಿರುಗಲಿಲ್ಲ. ಚಪ್ಪಲಿ ಕಳಚಿ, ಸ್ಪೀಕರ್ ಪೆಟ್ಟಿಗೆ ಹತ್ತಿ ಕುಳಿತರು.

ರುದ್ರೇಶ್ ಗಿಟಾರ್ ಹಿಡಿದು ಒಳಗೆ ಬಂದ. "ಆಯ್ತಾ ಮೇಡಂ? ಆರಕ್ಕೆ ಹೊನ್ನವಳ್ಳೀಲಿ ಪ್ರೋಗ್ರಾಂ." ತಂದೆಯತ್ತ ನೋಡಿ ನಕ್ಕ. "ಕೂತೇಬುಟ್ರಾ? ಆ ಜಾಗ ಯಾರಿಗೂ ಬುಡಲ್ಲ ಇವ್ರು."

ಜೀವಿತಾ ಮೇಜಿನ ಮೇಲಿದ್ದ ಚುಕ್ಕೆಯ ವಾಲ್ವ್ ಎತ್ತಿಕೊಂಡು ಅವರೆದುರು ಬಂದಳು.

"ಬ್ಯಾಡ ಕಣವ್ವ. ಅದ್ರೊಳಗೆ ಏನೋ ಬುಡ ಬುಟ್ಟು ಅಲುಗ್ತದೆ."

"ಅಲುಗಿಸಿ ನೋಡಿದೀನಿ. ಸದ್ದೇ ಇಲ್ಲ."

ಅವರು ಅವಳ ತುಟಿಯನ್ನೇ ನೋಡುತ್ತಿದ್ದರು. "ಸದ್ದು ಯಾರಿಗವ್ವ ಬೇಕು!"

ಅವಳು ತನ್ನದನ್ನೇ ಕೂರಿಸಿದಳು. ಮುನ್ನೆಚ್ಚರಿಕೆಗೆ, ಕರೆಂಟು ಒಂದು ನೂರು ವ್ಯಾಟಿನ ಬಲ್ಬಿನ ಮೂಲಕ ಹರಿಯುವಂತೆ ವೈರು ಸೇರಿಸಿದಳು. ಒಳಗೆ ಶಾರ್ಟ್ ಆದರೆ ಬಲ್ಬು ಭಗ್ಗನೆ ಉರಿಯುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಸ್ವಿಚ್ ಒತ್ತಿದಳು. ಬಲ್ಬು ಮಂದವಾಗಿಯೇ ಇತ್ತು. ಒಂದು ನಿಮಿಷ. ಎರಡು. ಮುದುಕರತ್ತ ಗೆದ್ದವಳಂತೆ ನೋಡಿದಳು.

ರುದ್ರೇಶ್ ದಪ್ಪ ತಂತಿ ಮೀಟಿದ. ಮೇಜು ಗಡಗಡ ನಡುಗಿತು. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು.

ಜೀವಿತಾ ಪ್ಲಗ್ ಕಿತ್ತಳು. ಮೀಟರು ವಾಲ್ವನ್ನು ಅಳೆದಿತ್ತು, ನಡುಗಿಸಿರಲಿಲ್ಲ; ನಡುಗಿದೊಡನೆ ಒಳಗೆ ಸಡಿಲವಾಗಿದ್ದುದು ತಗುಲಿ ಶಾರ್ಟ್ ಆಗಿತ್ತು. ಬಟ್ಟೆ ಸುತ್ತಿ ಬಿಸಿ ವಾಲ್ವನ್ನು ಹೊರತೆಗೆದು, ಚುಕ್ಕೆಯಿಲ್ಲದ್ದನ್ನು ಮತ್ತೆ ಕೂರಿಸಿದಳು. ಸ್ವಿಚ್. ಅದೇ ತಂತಿ. ನೆಲ ನಡುಗಿತು, ಬಲ್ಬು ಮಿಸುಕಲಿಲ್ಲ. ತೋಂಟದಾರ್ಯ ಎರಡೂ ಅಂಗೈಗಳನ್ನು ಪೆಟ್ಟಿಗೆಗೆ ಒತ್ತಿ ಕಣ್ಣು ಮುಚ್ಚಿದ್ದರು.

"ತಪ್ಪಾಯ್ತು ಯಜಮಾನ್ರೇ," ಎಂದಳು, ಹಿಂದಿನಿಂದ. ಅವರು ತಿರುಗಲಿಲ್ಲ.

"ಎದುರಿಗೆ ಬಂದು ಹೇಳಿ ಮೇಡಂ," ಎಂದ ರುದ್ರೇಶ್. "ಅಪ್ಪಂಗೆ ಕಿವಿ ಹೋಗಿ ಎಂಟು ವರ್ಷ ಆಯ್ತು. ಹಾಡು ಅಂತ ಅವ್ರಿಗೆ ತಿಳಿಯೋದು ಈ ಪೆಟ್ಟಿಗೆ ಮೇಲೆ ಕೂತಾಗ ಮಾತ್ರ."